ತೊಂಬತ್ತೊಂದು ಪರ್ಸೆಂಟು

ಗುಡ್ಡದ ನೆತ್ತಿಯ ಮರದ ಗೂಡಿಗೆ ಕರೆಂಟಿಲ್ಲ.
ಈಸ್ಟರಿಗೆ ನಾವು ನಾರ್ವೆಯವರು ಹತ್ತುವುದೇ ಹೀಗೆ:
ಕಾಲಿಗೆ ಹಿಮದ ಹಲಗೆ, ಬೆನ್ನಿಗೆ ಕಿತ್ತಳೆ,
ಚೀಲದ ತಳದಲ್ಲೊಂದು ಕೊಲೆ.
ಯಾಕೆ ಅಂತ ಕೇಳಬೇಡಿ. ಕ್ರಿಸ್ತ ಎದ್ದು ಬರುವ ವಾರ
ನಮಗೆ ಯಾರಾದರೂ ಸಾಯಲೇಬೇಕು,
ಪುಸ್ತಕದಲ್ಲಿ.

ಮೊದಲೆಲ್ಲ ಕೊಲೆಗೊಂದು ತೂಕವಿತ್ತು.
ಬಲಗೈ ಹೆಬ್ಬೆರಳಿನಡಿ ಉಳಿದ ಹಾಳೆ ಮುಟ್ಟಿದರೆ ಸಾಕು,
ಈಗ ಕೋಳ ಬಿದ್ದವನು ಅಮಾಯಕ ಅಂತ ತಿಳಿಯುತ್ತಿತ್ತು:
ಇನ್ನೂ ಬೆರಳು ದಪ್ಪ ಕಾಗದ ಬಾಕಿಯಿದೆಯಲ್ಲ.
ಈಗ ಅಂಗೈಯಗಲದ ಬೂದು ಸ್ಲೇಟು.
ನೂರು ಹೆಣ ತುಂಬಿದರೂ
ಗುಲಗಂಜಿಯಷ್ಟೂ ಭಾರವಾಗುವುದಿಲ್ಲ.
ಮೂಲೆಯಲ್ಲೊಂದು ಅಂಕಿ, ಜ್ವರ ನೋಡಿದ ಹಾಗೆ:
ನಲವತ್ತು, ನಲವತ್ತೊಂದು.

ಕೆಲವು ಸಾಲಿನ ಕೆಳಗೆ ಚುಕ್ಕಿ ಚುಕ್ಕಿ ಗೆರೆ.
'ಇನ್ನೂರ ಹದಿನಾರು ಮಂದಿ ಗುರುತು ಹಾಕಿದ್ದಾರೆ.'
ಯಾವ ಸಾಲು? 'ವಿಷಕ್ಕೆ ಸಕ್ಕರೆಯೇ ಸಾಕ್ಷಿ.'
ಇಷ್ಟು ಜನರಿಗೆ ಇದು ಯಾತಕ್ಕೆ ಬೇಕಾಯಿತು ಮಾರಾಯರೇ?
ಕೊಲೆಗಾರನಿಗಿಂತ ನನಗೆ ಅನುಮಾನ ಈ ಗೆರೆ ಎಳೆದವರ ಮೇಲೆ.

ಐವಿಂದ್ ಇದ್ದಾಗ ಗೆರೆಯಲ್ಲ, ಹೆಸರನ್ನೇ ಬರೆಯುತ್ತಿದ್ದ.
ನನ್ನ ತಮ್ಮ. ನನಗಿಂತ ಮೊದಲು ಓದಿ
ಹದಿನಾಲ್ಕನೇ ಪುಟದ ಅಂಚಿಗೆ ಸೀಸದ ಕಡ್ಡಿಯಲ್ಲಿ:
'ಇವನೇ, ಗುನ್‌ವೋರ್. ಸುಮ್ಮನೆ ಕಣ್ಣು ಕೆಡಿಸಿಕೊಳ್ಳಬೇಡ.'
ಎಷ್ಟು ಪುಸ್ತಕ ಹಾಳು ಮಾಡಿದ!
ಒಮ್ಮೆಯಂತೂ ಬೇಕೆಂದೇ ತಪ್ಪು ಹೆಸರು.
ಮುನ್ನೂರು ಪುಟ ಒಬ್ಬ ಪಾದ್ರಿಯನ್ನು ದ್ವೇಷಿಸಿದೆ,
ಪಾಪ, ಅವನು ಮಗುವಿಗೆ ನೀರು ಚಿಮುಕಿಸಲಷ್ಟೇ ಬಂದಿದ್ದ.

ನಮ್ಮ ಕೊಲ್ಲಿಯ ಊರಿನಲ್ಲಿ ನಾನು ಕಂಡ ಅಪರಾಧ ಒಂದೇ.
ಎಂಬತ್ತೇಳರಲ್ಲಿ ಹೊಕೊನನ ದೋಣಿಯ ಮೋಟಾರು ಹೋಯಿತು.
ಅಂಚೆ ವ್ಯಾನು ನಿಲ್ಲಿಸಿ ನಾನೂ ಸಭೆಗೆ ಹೋದೆ.
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರಿದ್ದಾರಲ್ಲ,
ಪೊಲೀಸು 'ಕಳ್ಳ ಇಲ್ಲೇ ಇದ್ದಾನೆ' ಅಂದದ್ದೇ ತಡ
ಓಡ್ವಾರ್ ತನ್ನ ಅಂಗೈ ಮೂಸಿ ನೋಡಿಕೊಂಡ.
ಎಲ್ಲರೂ ಕಂಡರು. ಎಲ್ಲರೂ ಕಾಫಿ ಕುಡಿದರು.
ಆ ಚಳಿಗಾಲ ಮನೆಮನೆಯ ಬಾಗಿಲಿಗೆ
ಯಾರೋ ಮೀನು ತೂಗುಹಾಕಿ ಹೋಗುತ್ತಿದ್ದರು,
ಹೊಕೊನನ ಬಾಗಿಲಿಗೆ ಎರಡೆರಡು.
ತಿಂದೆವು. ಕೇಸು ಮುಗಿಯಿತು.

ಇದನ್ನು ಬರೆದರೆ ಯಾರು ಓದುತ್ತಾರೆ?
ಹೆಣವಿಲ್ಲ, ಕೊನೆಗೆ ಎಲ್ಲರನ್ನೂ ಕೂಡಿಹಾಕಿ
ಬೆರಳು ತೋರಿಸುವ ಕೋಣೆಯಿಲ್ಲ.
ಅದಕ್ಕೇ ಇರಬೇಕು, ನಾನು ಇವನ್ನು ಓದುವುದು:
ಒಬ್ಬರಾದರೂ ಬಾಯಿಬಿಟ್ಟು ಹೇಳಲಿ ಅಂತ.

ಶನಿವಾರ ರಾತ್ರಿ. ಒಲೆಯಲ್ಲಿ ಭೂರ್ಜದ ಕೊರಡು,
ಬೆರಳಲ್ಲಿ ಕಿತ್ತಳೆ ಸಿಪ್ಪೆಯ ಘಾಟು.
ಇನ್ಸ್‌ಪೆಕ್ಟರು ಮೆಟ್ಟಿಲು ಹತ್ತಿದಳು, ಚಿಲಕಕ್ಕೆ ಕೈಯಿಟ್ಟಳು,
ತೊಂಬತ್ತೊಂದು ಪರ್ಸೆಂಟು.
ಸ್ಲೇಟು ಕಣ್ಣು ಮುಚ್ಚಿತು.

ಬೈದೆ. ಎದೆಯ ಕಾವಿಗೆ ಹಿಡಿದು ನೋಡಿದೆ.
ಗೂಡಿನ ಕಪಾಟಿನಲ್ಲಿ ಹಳೆಯ ಪುಸ್ತಕಗಳೇನೋ ಇವೆ,
ಎಲ್ಲದರ ಕೊನೆಯ ಹಾಳೆ ಹರಿದು
ಐವಿಂದ್ ಒಲೆ ಹೊತ್ತಿಸಿದ್ದಾನೆ.
ಆ ಬಾಗಿಲ ಹಿಂದೆ ಯಾರು?
ಬೆಳಗಿನವರೆಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡಿದೆ.
ಒಮ್ಮೆ ಓಡ್ವಾರ್ ಇದ್ದ, ಮೀನು ಹಿಡಿದು.
ಒಮ್ಮೆ ಬರೀ ಕತ್ತಲೆ,
ಅದರಲ್ಲಿ ಸೀಸದ ಕಡ್ಡಿ ಗೀಚುವ ಸದ್ದು.

ಸೋಮವಾರ ಇಳಿದು ಬಂದು, ಬೂಟೂ ಬಿಚ್ಚದೆ
ಅಡಿಗೆಮನೆಯಲ್ಲಿ ವೈರು ಚುಚ್ಚಿ, ನಿಂತೇ ಓದಿ ಮುಗಿಸಿದೆ.
ಯಾರು ಅಂತ ನಿಮಗೆ ಹೇಳುವುದಿಲ್ಲ.
ಹಿಂದಕ್ಕೆ ಸವರಿ ಸವರಿ ಮೊದಲಿಗೆ ಹೋದೆ.
ಇಲ್ಲಿ ಪುಟದ ನಂಬರಿಲ್ಲ, ಮೂರು ಪರ್ಸೆಂಟು ಅನ್ನಿ.
ಟಿಪ್ಪಣಿ ಅಂತ ಒಂದು ಚೌಕ ಇದೆ, ತೆರೆದೆ.
'ಡಾಕ್ಟರೇ, ಗುನ್‌ವೋರ್. ಕಣ್ಣು ಕೆಡಿಸಿಕೊಳ್ಳಬೇಡ.'

ಡಾಕ್ಟರು ಹೂವಿನಂಥ ಮನುಷ್ಯ, ಏನೂ ಮಾಡಿಲ್ಲ.
ಆದರೆ ನನ್ನ ಮರೆವು ಈಗೀಗ ಚೆನ್ನಾಗಿದೆ.
ಮುಂದಿನ ಈಸ್ಟರಿಗೆ
ನಂಬಿದರೂ ನಂಬಿದೆನೇ.